ದ್ರವ್ಯಪರೀಕ್ಷೆಯೂ ತಾಮ್ರನಾಣ್ಯದ ನೈಜತೆಯೂ

ಠಕ್ಕುರ ಫೇರುವಿನ ‘ದ್ರವ್ಯಪರೀಕ್ಷೆ’ಯು ನಾಣ್ಯಶಾಸ್ತ್ರಕ್ಕೆ ಜೈನ ವಾಙ್ಮಯವು ಸಲ್ಲಿಸಿದ ಅಪೂರ್ವ ಕೊಡುಗೆಯೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ದೆಹಲಿಯ ಟಂಕಸಾಲೆಯಲ್ಲಿ ಸೇವೆ ಸಲ್ಲಿಸಿ ಪಡೆದ ಪ್ರತ್ಯಕ್ಷಾನುಭವವನ್ನು ಈ ಶ್ರಾವಕನು ಕ್ರಿ. ಶ. 1318ರಲ್ಲಿ ಗಾಥೆಗಳ ರೂಪದಲ್ಲಿ ನಿಬಂಧಿಸಿದನು. ವಿಕ್ರಮ ಸಂವತ್ 1403-04ರಲ್ಲಿ ಪ್ರತಿಮಾಡಲಾದ ಹಸ್ತಪ್ರತಿಯೊಂದರಿಂದ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರು ಇದನ್ನು ಫೇರುವಿನ ಇತರ ಕೃತಿಗಳೊಡನೆ ಸಂಪಾದಿಸಿದರು. ಅದು 1961ರಲ್ಲಿ ಜೋಧಪುರದಿಂದ ‘ರತ್ನಪರೀಕ್ಷಾದಿ ಸಪ್ತಗ್ರಂಥಸಂಗ್ರಹ’ವೆಂಬ ಹೆಸರಿನಲ್ಲಿ ಪ್ರಕಟವಾಯಿತು. ಅಂದಿನಿಂದ ಈ ಗ್ರಂಥಕ್ಕೆ ಸಂದಿರುವ ಪ್ರಶಂಸೆ ನ್ಯಾಯವಾದುದೇ. ಆದರೆ ಪ್ರಶಂಸೆಯ ಭರದಲ್ಲಿ ಇದನ್ನು ಸಕಲ ನಾಣ್ಯಗಳಿಗೂ, ತಾಮ್ರನಾಣ್ಯಗಳಿಗೂ ಕೂಡ, ಒರೆಗಲ್ಲೆಂದು ಭಾವಿಸುವುದು ಎಷ್ಟರಮಟ್ಟಿಗೆ ಯುಕ್ತ ಎಂಬುದು ವಿಚಾರಾರ್ಹವಾಗಿದೆ.

ಫೇರು ಕೇಳುವ ಪ್ರಶ್ನೆ ಒಂದೇ: ಈ ನಾಣ್ಯದಲ್ಲಿ ಬೆಲೆಯುಳ್ಳ ಲೋಹವೆಷ್ಟು? ಮೊದಲು ಚಿನ್ನ ಬೆಳ್ಳಿಗಳನ್ನು ಶೋಧಿಸುವ ಕ್ರಮವನ್ನು ಹೇಳಿ, ಬಳಿಕ ನಾನಾ ದೇಶಗಳ ಮುದ್ರೆಗಳನ್ನು ಎತ್ತಿಕೊಂಡು ಅವುಗಳ ತೂಕ, ಲೋಹಾಂಶ, ಬೆಲೆಗಳನ್ನು ನಿರ್ದೇಶಿಸುತ್ತಾನೆ. ಬೆಳ್ಳಿ-ತಾಮ್ರಗಳ ಮಿಶ್ರನಾಣ್ಯಗಳ ವಿಷಯದಲ್ಲಿ ಅವನ ದೃಷ್ಟಿಯೆಲ್ಲ ಬೆಳ್ಳಿಯ ಮೇಲೆ. ತಾಮ್ರವು ಅಲ್ಲಿ ಉಳಿಕೆಯ ಲೆಕ್ಕ ಮಾತ್ರ. ಇದು ನಾಣ್ಯ ವಿನಿಮಯ ಮಾಡುವವನ ದೃಷ್ಟಿ; ಆ ಕಾರ್ಯಕ್ಕೆ ಇದಕ್ಕಿಂತ ನಂಬಲರ್ಹವಾದ ಮಧ್ಯಯುಗೀನ ಭಾರತೀಯ ಗ್ರಂಥ ದುರ್ಲಭ. ದೆಹಲಿ ಸುಲ್ತಾನರ ನಾಣ್ಯಗಳ ತೂಕ-ಮಾನಗಳನ್ನು ಕುರಿತು 1936ರಲ್ಲಿ ಬರೆದ ನೆಲ್ಸನ್ ರೈಟ್ ಅವರಿಗೆ ಇದರ ನೆರವು ದೊರೆಯಲಿಲ್ಲ. 1990ರಲ್ಲಿ ಬರೆದ ಜಾನ್ ಡೆಯೆಲ್ ಅವರಿಗೆ ದೊರೆಯಿತು. ಆದರೂ ಒಂದು ಎಚ್ಚರಿಕೆ ಅಗತ್ಯ. ಮುದ್ರಿತ ಪಾಠಕ್ಕೆ ಆಧಾರ ಒಂದು ಪ್ರತಿ. ಸಂಖ್ಯಾವಾಚಕ ಪದವೊಂದರಲ್ಲಿ ಲಿಪಿಕಾರನು ಒಂದಕ್ಷರ ತಪ್ಪಿದರೂ ಮಾಷ ತೊಲವಾಗಬಹುದು, ಐದು ಆರಾಗಬಹುದು. ಆದುದರಿಂದ ಗಾಥೆಯಿಂದ ನಾಣ್ಯವನ್ನು ತೂಗುವಂತೆಯೇ ನಾಣ್ಯದಿಂದ ಗಾಥೆಯ ಪಾಠವನ್ನೂ ತೂಗಬೇಕು.

ಬೆಲೆಯು ಲೋಹದಲ್ಲಿರದೆ ಮುದ್ರೆಯಲ್ಲಿರುವಾಗ ಈ ಪದ್ಧತಿ ನಿರುಪಾಯವಾಗುತ್ತದೆ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ದ್ರವ್ಯಪರೀಕ್ಷೆ ರಚಿತವಾದ ಸುಮಾರು ಹನ್ನೊಂದು ವರ್ಷಗಳ ತರುವಾಯ, ಹಿಜರಿ 730ರಿಂದ 732ರವರೆಗೆ, ಅದೇ ದೆಹಲಿಯಲ್ಲಿಯೂ ದೌಲತಾಬಾದಿನಲ್ಲಿಯೂ ಮುಹಮ್ಮದ್ ಬಿನ್ ತುಘಲಕನು ಹಿತ್ತಾಳೆ-ತಾಮ್ರಗಳ ಸಂಕೇತನಾಣ್ಯಗಳನ್ನು ಹೊರಡಿಸಿದನು. ಅದು ಐವತ್ತು ಗಾನಿಯ ಟಂಕವೆಂದು ನಾಣ್ಯದ ಮೇಲಿನ ಪಾರಸೀಕ ಲೇಖವೇ ಸಾರುತ್ತದೆ. ಕೈಯಲ್ಲಿರುವುದಾದರೋ ಸುಮಾರು 9 ಗ್ರಾಂ ಅಗ್ಗದ ಲೋಹ. ಹಿಂದೂಗಳ ಮನೆಮನೆಯೂ ಟಂಕಸಾಲೆಯಾಯಿತೆಂದು ಜಿಯಾಉದ್ದೀನ್ ಬರನಿ ಬರೆಯುತ್ತಾನೆ. ಅವನ ಮಾತಿನಲ್ಲಿರುವ ಅತಿಶಯೋಕ್ತಿಯನ್ನೂ ದ್ವೇಷವನ್ನೂ ಕಳೆದರೂ ಕೂಟನಾಣ್ಯಗಳು ವಿಪುಲವಾಗಿದ್ದುವೆಂಬುದು ಉಳಿಯುತ್ತದೆ. ಕೂಟಕಾರನು ಬಳಸಿದುದೂ ಅದೇ ತಾಮ್ರ, ಅದೇ ಹಿತ್ತಾಳೆ. ಕೋವೆಯಲ್ಲಿಟ್ಟು ಕರಗಿಸಿದರೆ ರಾಜನ ನಾಣ್ಯಕ್ಕೂ ಕಂಚುಗಾರನ ನಾಣ್ಯಕ್ಕೂ ಭೇದವೆಲ್ಲಿ? ಕಡೆಗೆ ಬೊಕ್ಕಸವೇ ಇವುಗಳಿಗೆ ಪ್ರತಿಯಾಗಿ ಚಿನ್ನ ಬೆಳ್ಳಿ ಕೊಡಬೇಕಾಯಿತು. ಹಿಂದಿರುಗಿದ ತಾಮ್ರವು ತುಘಲಕಾಬಾದಿನಲ್ಲಿ ರಾಶಿಬಿದ್ದಿತು.

ಇಂತಹ ನಾಣ್ಯದ ನೈಜತೆಯನ್ನು ನಿರ್ಣಯಿಸಲು ಲೋಹಪರೀಕ್ಷಕನಿಗಿಂತ ಲಿಪಿಪರೀಕ್ಷಕನೇ ಹೆಚ್ಚು ಸಮರ್ಥ. ಟಂಕಸಾಲೆಯ ಅಚ್ಚು ಕೊರೆಯುವವನ ಕೈ ನುರಿತದ್ದು. ಅಕ್ಷರಗಳ ದಪ್ಪ, ಬಾಗು, ಸಾಲಿನ ಅಂತರಗಳಲ್ಲಿ ಒಂದು ನಿಯತಿ ಇರುತ್ತದೆ. ಲಿಪಿಯನ್ನರಿಯದೆ ರೂಪವನ್ನಷ್ಟೇ ನಕಲು ಮಾಡಿದವನ ಕೃತಿಯಲ್ಲಿ ಅಕ್ಷರವು ಚಿತ್ರವಾಗುತ್ತದೆ, ಬಿಂದುಗಳು ಸ್ಥಾನ ತಪ್ಪುತ್ತವೆ, ಕೆಲವೊಮ್ಮೆ ಲೇಖವೇ ಕನ್ನಡಿಯ ಪ್ರತಿಬಿಂಬದಂತೆ ತಿರುವುಮುರುವಾಗುತ್ತದೆ. ಅರ್ಥವರಿಯದ ಲಿಪಿಕಾರನ ಓಲೆಗಳನ್ನು ಓದಿ ಬಲ್ಲವರಿಗೆ ಇದು ಹೊಸ ಅನುಭವವಲ್ಲ.

ಎರಕದ ನಕಲುಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಎರಡು ನಾಣ್ಯಗಳಲ್ಲಿ ಅಕ್ಷರಗಳು ಒಂದೇ ತೆರನಾಗಿದ್ದರೆ, ಅಚ್ಚಿನ ಬಿರುಕಿನ ಗುರುತು ಎರಡರಲ್ಲಿಯೂ ಮೂಡಿದ್ದರೆ, ಅದರಿಂದ ಶಂಕೆಗೆ ಎಡೆಯಿಲ್ಲ. ಒಂದೇ ಅಚ್ಚಿನಿಂದ ಸಾವಿರಾರು ನಾಣ್ಯಗಳು ಹೊರಡುತ್ತವೆ. ಆದರೆ ಅಚ್ಚಿಗೆ ಒಡ್ಡಿದ ಬಿಲ್ಲೆಗಳು ಬೇರೆ ಬೇರೆ. ಬಿಲ್ಲೆಯ ಅಂಚಿನ ಸೀಳು, ಬಳಕೆಯಲ್ಲಿ ಬಿದ್ದ ಗೀರು, ಅಂಚಿನ ವಕ್ರರೇಖೆ ಇವು ಎರಡು ನಾಣ್ಯಗಳಲ್ಲಿ ಚಾಚೂ ತಪ್ಪದೆ ಒಂದೇ ಆಗಿದ್ದರೆ, ಅವುಗಳಲ್ಲಿ ಒಂದಾದರೂ ಇನ್ನೊಂದನ್ನು ಅಥವಾ ಮೂರನೆಯದೊಂದನ್ನು ಮಾದರಿಯಾಗಿಟ್ಟುಕೊಂಡು ಎರಕ ಹೊಯ್ದುದೇ ಸರಿ. ಅನ್ಯಥಾನುಪಪನ್ನತ್ವವೇ ಹೇತುವಿನ ಏಕೈಕ ಲಕ್ಷಣವೆಂದು ಪಾತ್ರಕೇಸರಿಯಿಂದ ಮೊದಲ್ಗೊಂಡು ಜೈನ ತಾರ್ಕಿಕರು ಪ್ರತಿಪಾದಿಸಿದ್ದಾರೆ. ಅಂಚಿನ ಈ ಸಾಮ್ಯವು ಅಂತಹ ಹೇತು. ಎರಕವಲ್ಲದೆ ಬೇರೆ ಪ್ರಕಾರದಿಂದ ಅದು ಉಪಪನ್ನವಾಗದು. ಮೇಲ್ಮೈಯಲ್ಲಿನ ಸಣ್ಣ ಗುಳಿಗಳು, ಅಂಚಿನ ಸುತ್ತಲ ಬೆಸುಗೆಯಂತಹ ಗೆರೆ, ಅಕ್ಷರಗಳ ಮೊಂಡುತನ ಇವು ಅದನ್ನು ಪುಷ್ಟೀಕರಿಸುತ್ತವೆ.

ಕಿಲುಬಿನ ಹಸುರು ಇದಕ್ಕೆ ವಿಪರೀತ. ಹಸುರಿದ್ದರೆ ಹಳೆಯದು ಎಂಬ ಅನುಮಾನವು ಅನೈಕಾಂತಿಕ ಹೇತುವಿನಿಂದ ದುಷ್ಟವಾದುದು, ಏಕೆಂದರೆ ಆಮ್ಲದಿಂದ ನಾಲ್ಕು ದಿನಗಳಲ್ಲಿ ಹಸುರನ್ನು ತರಿಸಬಹುದು. ಮಣ್ಣಿನಲ್ಲಿ ಶತಮಾನಗಳ ಕಾಲ ಹುದುಗಿದ್ದ ತಾಮ್ರದಲ್ಲಿ ಲೋಹಕ್ಕೆ ಅಂಟಿದ ಕೆಂಪು ಪದರ, ಅದರ ಮೇಲೆ ಹಸುರು, ಹೀಗೆ ಪದರುಗಳು ಕಟ್ಟಿಕೊಂಡಿರುವುದುಂಟು. ಹಚ್ಚಿದ ಹಸುರು ಹೊರಗಿನಿಂದ ಲೇಪಿಸಿದಂತೆ ನಿಲ್ಲುತ್ತದೆ. ಈ ಸಾಕ್ಷ್ಯವನ್ನು ನಾವೇ ಅಳಿಸುತ್ತಿರುವುದು ವಿಷಾದದ ಸಂಗತಿ. ಪೂಜಾಪಾತ್ರೆಗಳನ್ನು ತಿಕ್ಕುವಂತೆ ಹುಣಸೆಹುಳಿ ಹಾಕಿ ನಾಣ್ಯಗಳನ್ನು ತೊಳೆದು ಥಳಥಳಿಸುವ ಪದ್ಧತಿ ಭಕ್ತಿಯಿಂದ ಬಂದುದಿರಬಹುದು. ಅದರಿಂದ ನಾಣ್ಯದ ಪರೀಕ್ಷೆಯ ಅರ್ಧ ಆಧಾರವು ನೀರಿನಲ್ಲಿ ಹೋಗುತ್ತದೆ. ತಿಳಿಹಸುರಿನ ಪುಡಿ ಉದುರುವ ಕ್ಷಾರರೋಗ ತಗುಲಿದ ನಾಣ್ಯಗಳಿಗೆ ಮಾತ್ರ ಚಿಕಿತ್ಸೆ ಬೇಕು, ಅದೂ ಬಲ್ಲವರಿಂದ.

ದರ್ಜೆಯ ನಿರ್ಣಯದಲ್ಲಿಯೂ ಇದೇ ಗೊಂದಲವಿದೆ. ಸುಲ್ತಾನರ ತಾಮ್ರನಾಣ್ಯಗಳಲ್ಲಿ ಬಿಲ್ಲೆಯು ಅಚ್ಚಿಗಿಂತ ಕಿರಿದಾಗಿರುವುದರಿಂದ ಲೇಖದ ಅಂಚಿನ ಭಾಗವು ಮೂಡದೆ ಹೋಗುವುದು ಸಾಮಾನ್ಯ. ಮೂಡದಿರುವುದು ಬೇರೆ, ಸವೆದಿರುವುದು ಬೇರೆ. ಸವೆತವು ಉಬ್ಬಿದ ಭಾಗಗಳನ್ನು ಮೊದಲು ತಿನ್ನುತ್ತದೆ; ಏಟು ಸರಿಯಾಗಿ ಬೀಳದ ಕಡೆ ಉಬ್ಬು ತಗ್ಗುಗಳೆರಡೂ ಅಸ್ಪಷ್ಟವಾಗಿದ್ದು, ಪಕ್ಕದ ಅಕ್ಷರವು ಹರಿತವಾಗಿಯೇ ಇರುತ್ತದೆ. ಇವೆರಡನ್ನೂ ‘ಜೀರ್ಣ’ವೆಂಬ ಒಂದೇ ಮಾತಿನಿಂದ ಸೂಚಿಸುವ ಸೂಚಿಗಳು ಓದುಗನನ್ನು ದಾರಿ ತಪ್ಪಿಸುತ್ತವೆ. ಅಲ್ಲದೆ ತುಘಲಕನ ಕಾಲದ ಕೂಟನಾಣ್ಯವು ಪುರಾತನವೂ ಹೌದು, ಉತ್ತಮ ಸ್ಥಿತಿಯಲ್ಲಿಯೂ ಇರಬಹುದು, ಆದರೆ ರಾಜಮುದ್ರೆಯಲ್ಲ. ಇತ್ತೀಚೆಗೆ ಸಂಗ್ರಾಹಕರಿಗಾಗಿ ಎರಕ ಹೊಯ್ದುದನ್ನು ಅದರೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಲಾಗದು. ಕಾಲ, ಕರ್ತೃತ್ವ, ಸ್ಥಿತಿ ಈ ಮೂರಕ್ಕೂ ಸೂಚಿಯಲ್ಲಿ ಪ್ರತ್ಯೇಕ ಅಂಕಣಗಳಿರಬೇಕು. ತೂಕವನ್ನು ಗ್ರಾಮಿನ ನೂರನೆಯ ಭಾಗದವರೆಗೆ ಕೊಟ್ಟು, ಎರಡು ಮುಖಗಳೊಡನೆ ಅಂಚಿನ ಛಾಯಾಚಿತ್ರವನ್ನೂ ಸೇರಿಸಬೇಕು.