ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪ್

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಖಾತ್ರಿಯಾಗುವ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಒಂದೇ ಚರ್ಚೆ: ಕೈಯಲ್ಲಿ 40 ಸಾವಿರ ರೂಪಾಯಿ ಇದೆ, ಲ್ಯಾಪ್‌ಟಾಪ್ ತಗೊಳ್ಳೋಣವೋ, ಡೆಸ್ಕ್‌ಟಾಪೋ? ಉತ್ತರ ಹೇಳುವ ಮುಂಚೆ ನಾನು ಕೇಳುವುದಿಷ್ಟು: ಈ ಕಂಪ್ಯೂಟರ್ ವಾರಕ್ಕೆ ಎಷ್ಟು ಸಲ ಹೊಸ್ತಿಲು ದಾಟಲಿದೆ? ಹಾಸ್ಟೆಲಿಗೆ ಹೊರಟ ಮಗಳಿಗೆ, ದಿನವೂ ಕಾಲೇಜಿಗೆ ಹೊತ್ತೊಯ್ಯಬೇಕಾದವರಿಗೆ, ಅಂಗಡಿಯಿಂದ ಅಂಗಡಿಗೆ ತಿರುಗಿ ಲೆಕ್ಕ ಬರೆಯುವವರಿಗೆ ಲ್ಯಾಪ್‌ಟಾಪೇ ಬೇಕು. ಅಲ್ಲಿ ವಾದಕ್ಕೆ ಜಾಗವಿಲ್ಲ. ಆದರೆ ಬಹಳಷ್ಟು ಮನೆಗಳಲ್ಲಿ ಲ್ಯಾಪ್‌ಟಾಪ್ ಕೆಲವೇ ತಿಂಗಳಲ್ಲಿ ಮೇಜಿನ ಮೂಲೆ ಹಿಡಿಯುತ್ತದೆ. ಚಾರ್ಜರ್ ಹಗಲೂ ರಾತ್ರಿಯೂ ಸಿಕ್ಕಿಸಿಯೇ ಇರುತ್ತದೆ. ಸದಾ ತುಂಬಿಯೇ ಇರುವ ಬ್ಯಾಟರಿ ಬಿಸಿಗೆ ಸೊರಗುತ್ತದೆ. ಮಡಚಿ ಒಯ್ಯುವ ಸೌಕರ್ಯಕ್ಕೆ ಕೊಟ್ಟ ಹಣ ಅಲ್ಲಿಗೆ ವ್ಯರ್ಥ. ಬಜೆಟ್ ಚಿಕ್ಕದಿದ್ದಾಗ ಆ ಹಣ ಪರದೆ, ಪ್ರೊಸೆಸರ್, ರ‍್ಯಾಮ್‌ಗಳ ಪಾಲಿನಿಂದಲೇ ಹೋಗಿರುತ್ತದೆ.

ಅಂಗಡಿಯ ಚೀಟಿಯಲ್ಲಿ ಇದು ಕಾಣುವುದಿಲ್ಲ. ‘ಐ5, 12ನೇ ಜನರೇಶನ್’ ಎಂದು ಎರಡರ ಮೇಲೂ ಬರೆದಿರುತ್ತಾರೆ. ಡೆಸ್ಕ್‌ಟಾಪಿಗೆ ಬರುವ ಐ5-12400ರಲ್ಲಿ 6 ದೊಡ್ಡ ಕೋರ್‌ಗಳಿವೆ, ಅದರ ವಿನ್ಯಾಸ 65 ವಾಟ್ ಲೆಕ್ಕದ್ದು. ತೆಳು ಲ್ಯಾಪ್‌ಟಾಪಿಗೆ ಬರುವ ಐ5-1235ಯುನಲ್ಲಿ ದೊಡ್ಡ ಕೋರ್ ಎರಡೇ, ಉಳಿದ 8 ಸಣ್ಣವು. ವಿನ್ಯಾಸ 15 ವಾಟ್ ಲೆಕ್ಕದ್ದು. ಒಂದು ಫೈಲ್ ತೆರೆಯುವುದು, ಒಂದು ಪುಟ ನೋಡುವುದು ಎರಡರಲ್ಲೂ ಚುರುಕೇ. ಅರ್ಧ ಗಂಟೆಯ ವಿಡಿಯೊ ಎಡಿಟ್ ಮಾಡಿ ರೆಂಡರ್‌ಗೆ ಕೊಟ್ಟು ನೋಡಿ, ತೆಳು ಲ್ಯಾಪ್‌ಟಾಪ್ ಕಾದು ವೇಗ ತಗ್ಗಿಸಿಕೊಳ್ಳುವುದು ಗೊತ್ತಾಗುತ್ತದೆ. ಎಎಂಡಿಯ ಕತೆ ಇನ್ನೂ ಸೂಕ್ಷ್ಮ. ‘ರೈಜನ್ 5, 7000 ಸೀರೀಸ್’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ 7520ಯು ಕೂಡ ಇದೆ, 7530ಯು ಕೂಡ ಇದೆ. ಸಂಖ್ಯೆಯ ಮೂರನೇ ಅಂಕಿ ಚಿಪ್ಪಿನ ಒಳವಿನ್ಯಾಸ ಯಾವ ಕಾಲದ್ದೆಂದು ಹೇಳುತ್ತದೆ. ಮೊದಲನೆಯದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 4 ಕೋರ್. ಎರಡನೆಯದು ಝೆನ್ 3, 6 ಕೋರ್. ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಹಣೆಪಟ್ಟಿ ಬಿಟ್ಟು ಪೂರ್ತಿ ಸಂಖ್ಯೆ ಕೇಳಲೇಬೇಕು. ಜೊತೆಗೆ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದೋ, ಸ್ಲಾಟ್ ಇದೆಯೋ ಎಂದೂ ಕೇಳಬೇಕು. ಬೆಸುಗೆ ಹಾಕಿದ 8 ಜಿಬಿ ಕೊನೆಯವರೆಗೂ 8 ಜಿಬಿಯೇ.

ಆದರೂ ನನಗೆ ಪ್ರೊಸೆಸರಿಗಿಂತ ಪರದೆ ಮುಖ್ಯ. ದಿನಕ್ಕೆ ಐದಾರು ತಾಸು ಕಣ್ಣು ನೆಟ್ಟಿರುವುದು ಅದರ ಮೇಲೆ. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ: ಮಂಕು ಬೆಳಕು, ಪೇಲವ ಬಣ್ಣ, ಸ್ವಲ್ಪ ಓರೆಯಾಗಿ ಕೂತರೆ ಕಪ್ಪಿಡುವ ಚಿತ್ರ. ಕೀಬೋರ್ಡಿಗೆ ಅಂಟಿಕೊಂಡ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲು ಆಗದು, ಕುತ್ತಿಗೆಯೇ ಬಾಗಬೇಕು. 15.6 ಇಂಚಿನಲ್ಲಿ 1920 x 1080 ಚುಕ್ಕಿಗಳೆಂದರೆ ಇಂಚಿಗೆ ಸುಮಾರು 141. ಅಕ್ಷರ ನುಣುಪಾಗಿ ಕಾಣುತ್ತದೆ, ನಿಜ. ಆದರೆ ಅಷ್ಟು ಸಣ್ಣಕ್ಷರ ಓದಲಾಗದೆ ವಿಂಡೋಸ್‌ನಲ್ಲಿ ಶೇ 125ಕ್ಕೆ ಹಿಗ್ಗಿಸುತ್ತೇವೆ, ಆಗ ಕೆಲಸಕ್ಕೆ ಸಿಗುವ ಜಾಗ 1536 x 864ಕ್ಕೆ ಇಳಿಯುತ್ತದೆ. ಅದೇ ಚುಕ್ಕಿಗಳ 24 ಇಂಚಿನ ಐಪಿಎಸ್ ಮಾನಿಟರಿನಲ್ಲಿ ಹಿಗ್ಗಿಸುವ ಅಗತ್ಯವಿಲ್ಲ. ಎಡಕ್ಕೆ ಪಾಠದ ಪಿಡಿಎಫ್, ಬಲಕ್ಕೆ ಬರೆಯುವ ಪುಟ, ಎರಡೂ ಇಕ್ಕಟ್ಟಿಲ್ಲದೆ ಕೂರುತ್ತವೆ. 27 ಇಂಚಿನ ಆಸೆ ಮಾತ್ರ ಬೇಡ. ಇದೇ ರೆಸಲ್ಯೂಷನ್ನಿನಲ್ಲಿ ಇಂಚಿಗೆ 82 ಚುಕ್ಕಿಗಳಷ್ಟೇ ಉಳಿಯುತ್ತವೆ. ಇಂಗ್ಲಿಷಿಗೆ ಅದು ನಡೆದೀತು; ಒತ್ತಕ್ಷರದ ಸಣ್ಣ ಸುಳಿ, ಕೊಂಬು, ದೀರ್ಘಗಳಿರುವ ಕನ್ನಡ ಪುಟದ ಅಂಚು ಒರಟಾಗಿ ಕಾಣುತ್ತದೆ.

ಹಾಗಾದರೆ ಮೇಜಿನ ಮೇಲೇ ಇರುವ ಕಂಪ್ಯೂಟರಿಗೆ 40 ಸಾವಿರವನ್ನು ಹೇಗೆ ಹಂಚಬೇಕು? ಹೊಸದಾಗಿ ಅಸೆಂಬಲ್ ಮಾಡಿಸುವುದು ಒಂದು ದಾರಿ. ಐ3-12100 ಅಥವಾ ಒಳಗೇ ಗ್ರಾಫಿಕ್ಸ್ ಇರುವ ರೈಜನ್ 5 5600ಜಿ ಹಾಕಿಸಿ. ಎಸ್‌ಎಂಪಿಎಸ್ ಮಾತ್ರ ಹೆಸರಿಲ್ಲದ್ದು ಬೇಡ, ಅದು ಕೆಟ್ಟು ಹೋಗುವಾಗ ಬೋರ್ಡನ್ನೂ ಜೊತೆಗೆ ಒಯ್ಯಬಹುದು. ಬಾಕ್ಸ್ ಪ್ರೊಸೆಸರಿಗೆ 3 ವರ್ಷ ವಾರಂಟಿ. ಅಗ್ಗದ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಒಂದೇ ವರ್ಷ.

ನನ್ನ ಮನಸ್ಸು ಒಲಿದಿರುವುದು ಎರಡನೇ ದಾರಿಗೆ. ಬೆಂಗಳೂರಿನ ಐಟಿ ಕಚೇರಿಗಳು ಕೆಲವು ವರ್ಷ ಬಳಸಿ ಹೊರಹಾಕುವ ಮಿನಿ ಡೆಸ್ಕ್‌ಟಾಪುಗಳು ಲಾಟಿನಲ್ಲಿ ಮಾರಾಟವಾಗಿ ಸೆಕೆಂಡ್ ಹ್ಯಾಂಡ್ ಪೇಟೆ ಸೇರುತ್ತವೆ. ಎಸ್‌.ಪಿ. ರಸ್ತೆಯ, ಅಂದರೆ ಸಾದರ ಪತ್ರಪ್ಪ ರಸ್ತೆಯ, ಅಂಗಡಿಗಳಲ್ಲಿ ವಿಚಾರಿಸಬೇಕಾದ್ದು ಇವನ್ನೇ. ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ, ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4 ಮಿನಿ: ಮೂರೂ ಇಂಟೆಲ್ 8ನೇ ಜನರೇಶನ್ನಿನವು, ದಪ್ಪ ಪುಸ್ತಕದಷ್ಟೇ ಜಾಗ ಸಾಕು. ಒಳಗೆ ಐ5-8500ಟಿ ಇದ್ದರೆ 6 ಕೋರ್, 35 ವಾಟ್. ರ‍್ಯಾಮ್‌ಗೆ ಎರಡು ಸ್ಲಾಟ್, ಎಂ.2 ಎಸ್‌ಎಸ್‌ಡಿಗೆ ಜಾಗ, 2.5 ಇಂಚಿನ ಡಿಸ್ಕಿಗೆ ಇನ್ನೊಂದು. ಹೊಸ 1235ಯು ಹಲವು ಕೆಲಸಗಳಲ್ಲಿ ಇದಕ್ಕಿಂತ ವೇಗದ್ದು, ಅದನ್ನು ಮುಚ್ಚಿಡಬಾರದು. ಆದರೆ ವರ್ಡ್, ಎಕ್ಸೆಲ್, ಟ್ಯಾಲಿ, ಪ್ರೋಗ್ರಾಮಿಂಗ್ ಕಲಿಕೆ, ಆನ್‌ಲೈನ್ ತರಗತಿ ಇವಕ್ಕೆ ಈ ಪುಟ್ಟ ಪೆಟ್ಟಿಗೆ ಧಾರಾಳ ಸಾಕು. ಹೊಸ ಲ್ಯಾಪ್‌ಟಾಪಿನ ಅರ್ಧ ಬೆಲೆಯೊಳಗೆ ಸಿಕ್ಕರೆ ಉಳಿದ ಹಣದಲ್ಲಿ ಒಳ್ಳೆಯ ಮಾನಿಟರ್, ಕೀಬೋರ್ಡ್, ವೆಬ್‌ಕ್ಯಾಮ್ ಎಲ್ಲವೂ ಬರುತ್ತವೆ.

8ನೇ ಜನರೇಶನ್ ಎಂದು ಒತ್ತಿ ಹೇಳಲು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿ, ಕೆಲವೇ ಅಪವಾದ ಬಿಟ್ಟರೆ, 8ನೇ ಜನರೇಶನ್ನಿನಿಂದ ಶುರುವಾಗುತ್ತದೆ. ಅದಕ್ಕಿಂತ ಹಳೆಯವು ತೀರಾ ಅಗ್ಗಕ್ಕೆ ಸಿಗುತ್ತವೆ. ಲಿನಕ್ಸ್ ಹಾಕಿಕೊಳ್ಳುವ ಧೈರ್ಯವಿದ್ದವರು ಅವನ್ನೂ ನೋಡಬಹುದು. ಲಿನಕ್ಸಿನಲ್ಲಿ ಕನ್ನಡ ಟೈಪಿಂಗ್ ಹೇಗೆಂದು ಹೆದರಬೇಕಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಗೊತ್ತಿರುವ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ‘ಕಗಪ’ ಎಂಬ ಹೆಸರಿನಲ್ಲಿ ಅದರ ಕೀಬೋರ್ಡ್ ಪಟ್ಟಿಯಲ್ಲಿದೆ.

ಕೊಳ್ಳುವಾಗ ಅಂಗಡಿಯಲ್ಲೇ ನಿಂತು ನೋಡಬೇಕಾದ್ದು ಕೆಲವಿದೆ. ಆನ್ ಮಾಡಿಸಿ ಬಯೋಸ್ ಒಳಗೆ ಹೋಗಿ. ಹಳೆಯ ಕಚೇರಿಯವರು ಹಾಕಿದ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಎಸ್‌ಎಸ್‌ಡಿಯ ಆರೋಗ್ಯ ಶೇಕಡ ಎಷ್ಟು, ಅದು ಒಟ್ಟು ಎಷ್ಟು ತಾಸು ಓಡಿದೆ ಎಂದು ತೋರಿಸುತ್ತದೆ. ಪವರ್ ಅಡಾಪ್ಟರ್ ಅದೇ ಕಂಪನಿಯದಿರಲಿ. ಕಚೇರಿಯಲ್ಲಿ ಕೇಬಲ್ ಇಂಟರ್ನೆಟ್ಟಿಗೆ ಸಿಕ್ಕಿಸಿ ಬಳಸಿದ್ದಾದ್ದರಿಂದ ಎಷ್ಟೋ ಪೆಟ್ಟಿಗೆಗಳಲ್ಲಿ ವೈಫೈ ಕಾರ್ಡೇ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ. ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ನಡುವಿನ ಕೇಬಲನ್ನೂ ಅಲ್ಲೇ ತೆಗೆದುಕೊಳ್ಳಿ. ರ‍್ಯಾಮ್ 16 ಜಿಬಿ ಮೊದಲೇ ಇದ್ದದ್ದು ಸಿಕ್ಕರೆ ಬಿಡಬೇಡಿ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು.

ಕರೆಂಟಿನ ಮಾತು ಬಂದಾಗ ಎಲ್ಲರೂ ಲ್ಯಾಪ್‌ಟಾಪಿನ ಕಡೆ ವಾಲುತ್ತಾರೆ, ಅದರಲ್ಲೂ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿನವರು. ದೊಡ್ಡ ಡೆಸ್ಕ್‌ಟಾಪಿನ ಮಟ್ಟಿಗೆ ಅವರ ಮಾತು ಸರಿ. 600 ವಿಎ ಯುಪಿಎಸ್ ಕೆಲಸ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಕೊಡುತ್ತದೆ, ಹೆಚ್ಚಿಲ್ಲ. ಮಿನಿ ಪೆಟ್ಟಿಗೆಯ ಲೆಕ್ಕ ಬೇರೆ. ಸಾಮಾನ್ಯ ಕೆಲಸದಲ್ಲಿ ಅದೂ ಮಾನಿಟರೂ ಸೇರಿ 45 ವಾಟ್ ಆಸುಪಾಸು, ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ, ಬೇರೇನೂ ಹಚ್ಚದಿದ್ದರೆ, ನಷ್ಟ ಕಳೆದೂ ಇಡೀ ಹಗಲು ನಡೆಸುತ್ತದೆ. ಇನ್ವರ್ಟರಿನ ಗುಂಡಿ ಯುಪಿಎಸ್ ಮೋಡ್‌ನಲ್ಲಿರಬೇಕಷ್ಟೆ. ಇನ್ನೊಂದು ಮೋಡ್‌ನಲ್ಲಿ ಕರೆಂಟು ಹೋದ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್ ಇಲ್ಲದ ಮನೆಗೆ ಲ್ಯಾಪ್‌ಟಾಪೇ ಇರಲಿ ಎನ್ನುತ್ತೇನೆ.

ಹಾಗೆ ಲ್ಯಾಪ್‌ಟಾಪೇ ಬೇಕಾದವರೂ ಹೊಸ ಅಗ್ಗದ್ದರ ಪಕ್ಕದಲ್ಲಿ ಕಚೇರಿಯಿಂದ ಬಂದ ಗಟ್ಟಿ ಯಂತ್ರವೊಂದನ್ನು ಇಟ್ಟು ನೋಡಲಿ. ನನ್ನ ಮೆಚ್ಚಿನದು 2018ರ ಥಿಂಕ್‌ಪ್ಯಾಡ್ ಟಿ480. ರ‍್ಯಾಮ್‌ಗೆ ಎರಡು ಸ್ಲಾಟ್. ಒಳಗೊಂದು, ಹೊರಗೊಂದು ಎಂದು ಎರಡು ಬ್ಯಾಟರಿ. ಹೊರಗಿನದನ್ನು ಯಂತ್ರ ನಡೆಯುತ್ತಿರುವಾಗಲೇ ತೆಗೆದು ಬೇರೆ ಹಾಕಬಹುದು. ಅದರ ಕೀಬೋರ್ಡಿನ ಮೇಲೆ ಉದ್ದದ ಬರಹ ಬರೆದವರಿಗೆ ಬೇರೆಯದು ರುಚಿಸುವುದು ಕಷ್ಟ. ಮರುವರ್ಷದ ಟಿ490ರಲ್ಲಿ ಒಂದು ರ‍್ಯಾಮ್ ಬೋರ್ಡಿಗೆ ಅಂಟಿತು, ಹೊರಗಿನ ಬ್ಯಾಟರಿಯೂ ಹೋಯಿತು. ಟಿ480ರ ಪರದೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, 1366 x 768ರದ್ದು ಕೊಟ್ಟರೆ ಒಪ್ಪಬೇಡಿ. ಮನೆಯಲ್ಲಿ 24 ಇಂಚಿನ ಮಾನಿಟರ್ ಮೊದಲೇ ಇದ್ದರೆ ಅದಕ್ಕೂ ಒಂದು ಎಚ್‌ಡಿಎಂಐ ಕೇಬಲ್ ಎಳೆಯಿರಿ. ಹಾಸ್ಟೆಲಿನಿಂದ ರಜೆಗೆ ಬಂದ ಮಕ್ಕಳು ಬಾಗಿ ಕೂರದೆ ಓದುತ್ತಾರೆ.