ಚೋಮನ ಮೇಲೆ ಬಿದ್ದ ಬೆಳಕು

ದಲಿತರ ಬದುಕನ್ನು ತೋರಿಸುವ ಸಿನಿಮಾ ಬಂದಾಗಲೆಲ್ಲ ನಮ್ಮಲ್ಲಿ ನಡೆಯುವ ಚರ್ಚೆ ಒಂದೇ ತೆರನಾದದ್ದು. ಕತೆ ಯಾರದು, ಬರೆದವರು ಯಾವ ಜಾತಿ, ಕೊನೆಗೆ ದಲಿತ ಗೆದ್ದನೋ ಸತ್ತನೋ. ಕಾದಂಬರಿಗೆ ಕೇಳುವ ಪ್ರಶ್ನೆಗಳನ್ನೇ ಸಿನಿಮಾಕ್ಕೂ ಕೇಳಿ ಎದ್ದುಬಿಡುತ್ತೇವೆ. ಆದರೆ ಸಿನಿಮಾದಲ್ಲಿ ಪಾತ್ರ ಬಾಯಿ ಬಿಡುವ ಮೊದಲೇ ಅದರ ಮೇಲೆ ಬಿದ್ದ ಬೆಳಕು, ಅದು ನಿಂತ ಜಾಗ, ಅದನ್ನು ನೋಡುತ್ತಿರುವ ಕ್ಯಾಮರಾದ ಎತ್ತರ, ಇವೆಲ್ಲ ಸೇರಿ ಅದು ಎಂಥಾ ಪಾತ್ರ ಅಂತ ಹೇಳಿಬಿಟ್ಟಿರುತ್ತವೆ. ಜಾತಿಯೂ ಹೀಗೇ ಅಲ್ಲವೆ? ಊರು ಎಲ್ಲಿ ಮುಗೀತದೆ, ಕೇರಿ ಎಲ್ಲಿ ಶುರುವಾಗ್ತದೆ, ಜಗಲಿಯ ಮೇಲೆ ಯಾರು, ಅಂಗಳದಲ್ಲಿ ಯಾರು, ಇದನ್ನೆಲ್ಲ ಯಾರೂ ಬೋರ್ಡು ಬರೆದು ಹಾಕಿರುವುದಿಲ್ಲ. ನೋಡಿದ ಕೂಡಲೇ ಗೊತ್ತಾಗುತ್ತದೆ. ಕೇರಿಯಲ್ಲಿ ಬೆಳೆದವರಿಗೆ ದೃಶ್ಯವನ್ನು ಓದುವುದು ಹೊಸ ವಿದ್ಯೆಯೇನಲ್ಲ. ಆ ವಿದ್ಯೆಯನ್ನು ಸಿನಿಮಾದ ಮೇಲೂ ಪ್ರಯೋಗಿಸಬೇಕು ಎನ್ನುವುದಷ್ಟೇ ನನ್ನ ವಾದ.

ಉದಾಹರಣೆಗೆ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳೋಣ. ಶಿವರಾಮ ಕಾರಂತರ ಕಾದಂಬರಿ 1933ರದ್ದು. ಬಿ.ವಿ. ಕಾರಂತರ ಸಿನಿಮಾ 1975ರದ್ದು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣ. ಆ ವರ್ಷದ ಸ್ವರ್ಣಕಮಲ ಈ ಚಿತ್ರಕ್ಕೆ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇದು ದೊಡ್ಡ ಚಿತ್ರ ಎನ್ನುವುದರಲ್ಲಿ ನನಗೆ ತಕರಾರಿಲ್ಲ. ದೊಡ್ಡದಾದ್ದರಿಂದಲೇ ಇದು ನಮ್ಮ ಕಣ್ಣಿಗೆ ಏನನ್ನು ರೂಢಿ ಮಾಡಿಸಿತು ಎಂದು ಕೇಳಬೇಕಾಗಿದೆ.

ಈ ಚಿತ್ರದಿಂದ ಮನಸ್ಸಿನಲ್ಲಿ ಉಳಿಯುವುದು ಕತ್ತಲೆ. ಗುಡಿಸಲು, ಒಲೆಯ ಬೆಂಕಿ, ಹೆಂಡ, ದುಡಿ, ಅರ್ಧ ಬೆಳಕಿನಲ್ಲಿ ಹೊಳೆಯುವ ಮೈ. ‘ಹೊಲೆಯನ ಗುಡಿಸಲಲ್ಲಿ ಇನ್ನೇನು ಝಗಮಗ ದೀಪ ಇರ್ತದೇನ್ರಿ? ಅದೇ ವಾಸ್ತವ’ ಅನ್ನುವವರಿದ್ದಾರೆ. ಸರಿ. ಆದರೆ ಹೊಲೆಯನ ಗುಡಿಸಲಿಗೂ ಬೆಳಗಾಗುತ್ತದೆ. ಹೊತ್ತು ಹುಟ್ಟುವ ಮುಂಚೆ ಎದ್ದು ಹೊತ್ತು ಮುಳುಗುವವರೆಗೂ ಬಿಸಿಲಲ್ಲಿ ದುಡಿಯುವವನ ಬದುಕಿನಲ್ಲಿ ಬೆಳಕಿಗೇನು ಬರಗಾಲ? ಅವನಿಗೆ ಇಲ್ಲದ್ದು ನೆರಳು. ಕತ್ತಲೆಯನ್ನೇ ಮತ್ತೆ ಮತ್ತೆ ತೋರಿಸಿದಾಗ ಅದು ಒಂದು ಹೊತ್ತಿನ ವಿವರವಾಗಿ ಉಳಿಯದೆ ಮನುಷ್ಯನ ಸ್ವಭಾವವೇ ಆಗಿಬಿಡುತ್ತದೆ. ಚೋಮ ಯೋಚಿಸುವ ಮನುಷ್ಯನಾಗಿ ಕಾಣುವ ಬದಲು ವಿಷಾದದ ಒಂದು ಮೂರ್ತಿಯಾಗುತ್ತಾನೆ. ನೋಡುವವರಿಗೆ ಅಯ್ಯೋ ಅನಿಸುತ್ತದೆ. ಅಯ್ಯೋ ಅಂದವರು ಏಳುತ್ತಾರೆ, ಕಾಫಿ ಕುಡಿಯಲು ಹೋಗುತ್ತಾರೆ.

ಇದರ ಹಿಂದೆ ಒಂದು ತಾಂತ್ರಿಕ ಸಂಗತಿಯೂ ಇದೆ. ಬೆಳಕು ಅಳೆಯುವ ಮೀಟರು ಮಧ್ಯಮ ಬೂದು ಬಣ್ಣವನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹೇಳುತ್ತದೆ. ಬಿಳಿ ಪಂಚೆಯ ಒಡೆಯ, ಕಪ್ಪು ಮೈಯ ಆಳು ಒಂದೇ ಚೌಕಟ್ಟಿನಲ್ಲಿ ನಿಂತಾಗ ಒಡೆಯನಿಗೆ ಸರಿಹೊಂದುವಂತೆ ಬೆಳಕು ಇಟ್ಟರೆ ಆಳಿನ ಮುಖ ಮಸಿಯಾಗುತ್ತದೆ. ಆಳಿನ ಮುಖಕ್ಕೆ ಸರಿಹೊಂದಿಸಿದರೆ ಒಡೆಯನ ಪಂಚೆ ಸುಟ್ಟಂತೆ ಬೆಳ್ಳಗಾಗುತ್ತದೆ. ಇಬ್ಬರೂ ಕಾಣಬೇಕಾದರೆ ಆಳಿನ ಮೇಲೆ ಬೇರೆ ದೀಪ ಹಾಕಬೇಕು, ಅಂದರೆ ಅವನಿಗಾಗಿ ಪ್ರತ್ಯೇಕ ಶ್ರಮ ಪಡಬೇಕು. ಕೊಡಾಕ್ ಕಂಪನಿ ಬಣ್ಣದ ಫೋಟೋಗಳನ್ನು ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲವೂ ಸರಿ. ಯಂತ್ರಕ್ಕೆ ಜಾತಿ ಇಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಯಾರ ಮುಖ ಕಾಣಬೇಕು ಎನ್ನುವ ತೀರ್ಮಾನ ಆದ ಮೇಲೆಯೇ ದೀಪ ಹತ್ತುವುದು.

ಹಾಗಂತ ‘ಚೋಮನ ದುಡಿ’ ಪೂರ್ತಿ ಅನುಕಂಪದ ಚಿತ್ರ ಅಂತ ತಳ್ಳಿಹಾಕಲಾರೆ. ಕೊನೆಯ ಭಾಗದಲ್ಲಿ ಚೋಮ ಎತ್ತು ಕಟ್ಟಿ ನೆಲ ಉಳುತ್ತಾನೆ. ಜೀವಮಾನವಿಡೀ ಒಡೆಯರ ಅಂಗಳದಲ್ಲಿ ಕೈಕಟ್ಟಿ ನಿಂತು ಕೇಳಿದ್ದನ್ನು ಆ ಹೊತ್ತು ಯಾರನ್ನೂ ಕೇಳದೆ ಮಾಡುತ್ತಾನೆ. ಅಲ್ಲಿಯವರೆಗೆ ಬಗ್ಗಿದ್ದ ಮೈ ಅಲ್ಲಿಯೂ ಬಗ್ಗುತ್ತದೆ. ಆದರೆ ಅದು ನೇಗಿಲ ಮೇಲೆ ಭಾರ ಹಾಕಲು ಬಗ್ಗಿದ್ದು. ಒಂದೇ ಭಂಗಿ, ಎರಡು ಅರ್ಥ. ಮಾತಿಲ್ಲದೆ ಪಾತ್ರ ಬದಲಾಗುವುದು ಅಂದರೆ ಇದು.

ಇನ್ನೊಂದು, ಮಗ ನೀರಲ್ಲಿ ಮುಳುಗುವ ದೃಶ್ಯ. ಮುಟ್ಟಿದರೆ ಮೈಲಿಗೆ ಅಂತ ಯಾರೂ ನೀರಿಗಿಳಿಯುವುದಿಲ್ಲ. ದಡಕ್ಕೂ ಆ ಹುಡುಗನಿಗೂ ನಡುವೆ ಇರುವ ಅಂತರವೇ ಅಸ್ಪೃಶ್ಯತೆ. ಇದಕ್ಕಿಂತ ಸ್ಪಷ್ಟವಾಗಿ ಅದನ್ನು ತೋರಿಸುವುದು ಕಷ್ಟ. ಆದರೆ ದಡದಲ್ಲಿ ನಿಂತು ನೋಡುವುದೂ ಸೀಟಿನಲ್ಲಿ ಕೂತು ನೋಡುವುದೂ ಬೇರೆ ಬೇರೆಯೇ? ಈ ಪ್ರಶ್ನೆಯನ್ನು ಚಿತ್ರ ನಮ್ಮ ಕಡೆ ತಿರುಗಿಸುವುದಿಲ್ಲ. ನಾವೇ ತಿರುಗಿಸಿಕೊಳ್ಳಬೇಕು. ಬೆಳ್ಳಿಯ ವಿಚಾರವೂ ಹಾಗೇ. ಸಾಲ ತೀರಿದ್ದು ಅವಳ ಮೈಯಿಂದ. ಹೊಡೆಸಿಕೊಂಡು ಮನೆಯಿಂದ ಹೊರಗೆ ಬಿದ್ದವಳೂ ಅವಳೇ. ಅಪ್ಪನ ದುಃಖಕ್ಕೆ ದುಡಿ ಇದೆ, ಬೆಂಕಿಯ ಬೆಳಕಿದೆ. ಅವಳ ದುಃಖಕ್ಕೆ ಚಿತ್ರ ಯಾವ ವಾದ್ಯವನ್ನೂ ಕೊಡಲಿಲ್ಲ.

ಚಿತ್ರ ಬಂದ ಕಾಲವನ್ನು ಪಕ್ಕದಲ್ಲಿಟ್ಟು ನೋಡಿ. 1973ರಲ್ಲಿ ಬಸವಲಿಂಗಪ್ಪನವರ ಮಾತಿಗೆ ಬೂಸಾ ಗಲಾಟೆ ಆಗಿ ದಲಿತ ಹುಡುಗರು ಏಟು ತಿಂದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅಂದರು. ಗೇಣಿದಾರನಿಗೆ ಭೂಮಿ ಬಂತು. ಗೇಣಿಯೇ ಸಿಗದ ಚೋಮನಿಗೆ? 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬೀದಿಯಲ್ಲಿ ಹಗಲು ಹೊತ್ತು ದಲಿತರು ಹಾಡುತ್ತಿದ್ದ ಅದೇ ಕಾಲಕ್ಕೆ ತೆರೆಯ ಮೇಲೆ ಚೋಮ ಬಾಗಿಲು ಹಾಕಿಕೊಂಡು ಸಾಯುವವರೆಗೆ ದುಡಿ ಬಾರಿಸುತ್ತಿದ್ದ. ಕತೆ 1933ರದ್ದು ಎನ್ನುವುದು ಇದಕ್ಕೆ ಅರ್ಧ ಉತ್ತರ ಮಾತ್ರ. ಬೆಳಕು, ಕ್ಯಾಮರಾ, ಕಣ್ಣು 1975ರವು.

ಆ ಬಾಗಿಲು ತೆರೆದದ್ದು ತಡವಾಗಿ, ಪಕ್ಕದ ನಾಡುಗಳಲ್ಲಿ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫಂಡ್ರಿ’ (2013) ನಡೆಯುವುದು ಹೆಚ್ಚಾಗಿ ಉರಿಬಿಸಿಲಿನಲ್ಲಿ. ಅಲ್ಲಿ ಜಾತಿ ಅಡಗಿಕೊಳ್ಳಲು ಕತ್ತಲೆಯೇ ಇಲ್ಲ. ಹುಡುಗ ಜಬ್ಯಾ ಮುಖಕ್ಕೆ ಪೌಡರು ಬಳಿದುಕೊಳ್ಳುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ, ಆಸೆಪಡುತ್ತಾನೆ. ಅವನು ನೋಡುವವನೂ ಹೌದು. ಆ ಮುಖವೇ ಹಂದಿ ಹಿಡಿಯುವ ಹೊತ್ತಿಗೆ ಸಹಪಾಠಿಗಳ ಕಣ್ಣಿಗೆ ಬೀಳಬಾರದು ಅಂತ ಗೋಡೆ ಹುಡುಕುತ್ತದೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಮನೆಮಂದಿಯೆಲ್ಲ ಅಲ್ಲಾಡದೆ ನಿಲ್ಲಬೇಕು, ಹಂದಿ ಓಡುತ್ತದೆ. ಆಮೇಲೆ ಹಿಡಿದ ಹಂದಿಯನ್ನು ಹೊತ್ತು ಅವರು ಹೋಗುವಾಗ ಹಿಂದಿನ ಗೋಡೆಯ ಮೇಲೆ ಅಂಬೇಡ್ಕರ್, ಫುಲೆಯವರ ಚಿತ್ರಗಳಿವೆ. ಒಂದು ಮಾತೂ ಇಲ್ಲ, ಭಾಷಣವೂ ಇಲ್ಲ. ಕೊನೆಗೆ ಜಬ್ಯಾ ಕಲ್ಲು ಬೀರುತ್ತಾನೆ. ಆ ಕಲ್ಲು ನೇರ ಕ್ಯಾಮರಾಕ್ಕೇ ಬರುತ್ತದೆ. ಚೋಮನ ಚಿತ್ರದಲ್ಲಿ ದಡದ ಮೇಲೆ ಸುರಕ್ಷಿತವಾಗಿದ್ದ ಪ್ರೇಕ್ಷಕನಿಗೆ ಇಲ್ಲಿ ಏಟು ಬೀಳುತ್ತದೆ.

ತಮಿಳಿನ ಮಾರಿ ಸೆಲ್ವರಾಜ್ ಅವರ ‘ಪರಿಯೇರುಂ ಪೆರುಮಾಳ್’ (2018) ಮುಗಿಯುವುದು ಎರಡು ಚಹಾ ಲೋಟಗಳ ಮೇಲೆ, ನಡುವೆ ಒಂದು ಹೂವು. ಹೋಟೆಲುಗಳಲ್ಲಿ ನಮಗೆ ಬೇರೆ ಲೋಟ ಇಟ್ಟ ನಾಡಿನಲ್ಲಿ ಆ ಚಿತ್ರ ಏನು ಹೇಳುತ್ತದೆ ಅಂತ ವಿವರಿಸಬೇಕಿಲ್ಲ. ಅದೇ ವರ್ಷ ಪಾ. ರಂಜಿತ್ ಅವರ ‘ಕಾಲಾ’ ಬಿಳಿ ಬಟ್ಟೆಯ ಮನುಷ್ಯನನ್ನು ಖಳನನ್ನಾಗಿಸಿ, ಕಪ್ಪು ಬಟ್ಟೆಯವನನ್ನು ನಾಯಕನನ್ನಾಗಿಸಿ, ಕೊನೆಗೆ ತೆರೆಯ ತುಂಬ ಕಪ್ಪು, ಕೆಂಪು, ನೀಲಿ ಎರಚಿತು. ನನಗೆ ಅದು ಖುಷಿ ಕೊಟ್ಟಿತು. ಜೊತೆಗೆ ಸ್ವಲ್ಪ ಆತಂಕವೂ ಇದೆ. ನೀಲಿ ಬಳಿದ ಮಾತ್ರಕ್ಕೆ ಚಿತ್ರ ದಲಿತವಾಗುವುದಿಲ್ಲ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ನೇತುಹಾಕಿ, ಅದರ ಕೆಳಗೆ ಹಳೇ ಕಣ್ಣಿನಲ್ಲೇ ಕೇರಿಯನ್ನು ನೋಡಬಹುದು. ಮಾರುಕಟ್ಟೆ ಕಂಕುಮವನ್ನು ನುಂಗಿದಂತೆ ನೀಲಿಯನ್ನೂ ನುಂಗುತ್ತದೆ.

ಸಿನಿಮಾ ಮಾಡಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೆ. ಒಂದು ಚಿತ್ರವನ್ನು ಒಮ್ಮೆ ಧ್ವನಿ ತೆಗೆದು ನೋಡಿ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ, ಯಾರ ಮುಖಕ್ಕೆ ಕ್ಯಾಮರಾ ಹತ್ತಿರ ಹೋಯಿತು, ಯಾರನ್ನು ದೂರದಿಂದ ಗುಂಪಾಗಿ ತೋರಿಸಿ ಬಿಟ್ಟಿತು, ಯಾರ ಕಣ್ಣಿನಿಂದ ನೋಡಿತು, ಇದನ್ನು ಬರೆದುಕೊಳ್ಳಿ. ಮಾತು ಸಮಾನತೆ ಹೇಳುತ್ತಿರುವಾಗಲೂ ಚಿತ್ರ ಜಗಲಿ ಅಂಗಳದ ಲೆಕ್ಕವನ್ನೇ ಪಾಲಿಸುತ್ತಿರುತ್ತದೆ, ಕಾಣುತ್ತದೆ. ಇನ್ನು ‘ಚೋಮನ ದುಡಿ’ಯನ್ನು ಯಾರಾದರೂ ಮತ್ತೆ ತೆಗೆಯುವುದಾದರೆ ಬೆಳ್ಳಿಯಿಂದ ಶುರುಮಾಡಲಿ. ಹೊರಗೆ ಬಿದ್ದವಳು ಎತ್ತ ನಡೆದಳು ಅಂತ ನೋಡಲಿ. ಹೊರಗೆ ಬಿಸಿಲಿದೆ, ಅವಳ ಮುಖ ಕಾಣುತ್ತದೆ.