ಸಾಲ ಹುಟ್ಟದ ಮನೆಯ ಹುಡುಗ

ವಿದ್ಯಾಸಿರಿ. ಹೆಸರೇನೋ ಚೆಂದ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ಬಡ ವಿದ್ಯಾರ್ಥಿಗಳ ಊಟ, ವಸತಿಗೆ 2024-25ರಲ್ಲಿ ತಿಂಗಳಿಗೆ 1,500 ರೂಪಾಯಿ ಇತ್ತು. ಹತ್ತು ತಿಂಗಳಿಗೆ 15,000. ಬೆಂಗಳೂರಲ್ಲಿ ಈ ದುಡ್ಡಿಗೆ ಯಾವ ಪಿಜಿ ಸಿಗುತ್ತೆ ಅಂತ ನೀವು ಕೇಳಬಹುದು. ನನ್ನ ತಕರಾರು ಅದಕ್ಕಿಂತ ಹೆಚ್ಚಾಗಿ ದುಡ್ಡು ಬರೋ ಹೊತ್ತಿನದು.

ರೂಮಿನ ಅಡ್ವಾನ್ಸು, ಮೆಸ್ ಬಿಲ್ಲು ಕಾಲೇಜು ಶುರುವಾದ ತಿಂಗಳೇ ಕಟ್ಟಬೇಕು. ದುಡ್ಡು ಬರೋದು ಜಾತಿ-ಆದಾಯ ಪ್ರಮಾಣಪತ್ರ, ಪೋರ್ಟಲ್‌ನಲ್ಲಿ ಅರ್ಜಿ, ಕಾಲೇಜಿನ ದೃಢೀಕರಣ ಎಲ್ಲ ಆದಮೇಲೆ.

ನಾನು ಬಿಇ ಓದುವಾಗ ಪೋರ್ಟಲ್ ಇರಲಿಲ್ಲ, ಆದರೆ ಕಥೆ ಇದೇ. ಒಂದು ವರ್ಷ ಸ್ಕಾಲರ್‌ಶಿಪ್ ಬಂದಾಗ ಪರೀಕ್ಷೆಯೇ ಮುಗಿದಿತ್ತು. ಅಷ್ಟರಲ್ಲಿ ಅಪ್ಪ ಕೈಸಾಲ ಮಾಡಿ ಮೆಸ್ ಬಾಕಿ ತೀರಿಸಿದ್ದರು. ನನ್ನ ರೂಮ್‌ಮೇಟ್ ಮನೆಗೆ ಸಾಲವೂ ಹುಟ್ಟಲಿಲ್ಲ. ಅವನು ಮೂರನೇ ಸೆಮಿಸ್ಟರಿಗೇ ಊರಿಗೆ ವಾಪಸ್ಸಾದ. ಆಮೇಲೆ ಮಂಜೂರಾತಿ ಪಟ್ಟಿಯಲ್ಲಿ ಅವನ ಹೆಸರೂ ಬಂತು.

ನಮ್ಮ ಸಂಬಳ ಎರಡು ದಿನ ತಡವಾದರೆ ಎಚ್‌ಆರ್‌ಗೆ ಮೇಲ್ ಹೋಗುತ್ತೆ. ಆ ಹುಡುಗ ಯಾರಿಗೆ ಮೇಲ್ ಹಾಕಬೇಕು? ತಡವಾಗಿ ಬರುವ ನೆರವು ಸಾಲ ಹುಟ್ಟುವ ಮನೆಗಷ್ಟೇ ನೆರವಾಗುತ್ತೆ. ಎರಡನೇ ವರ್ಷದ ವಿದ್ಯಾರ್ಥಿಯ ದಾಖಲೆ ಸರ್ಕಾರದ ಹತ್ತಿರ ಆಗಲೇ ಇರುತ್ತದಲ್ಲ. ಮೊದಲೆರಡು ತಿಂಗಳ ದುಡ್ಡನ್ನಾದರೂ ಮುಂಗಡ ಹಾಕಲಿ, ಪರಿಶೀಲನೆ ಆಮೇಲೆ ಮಾಡಿಕೊಳ್ಳಲಿ.